ನೀರಿಗೆ ಹೆದರುತ್ತಿದ್ದ ಗುಬ್ಬಿ ಮಬ್ಬುಹೊಳೆ ದಾಟಿದ್ದು

ಬಹಳ ಹಿಂದೆ, ಎಷ್ಟು ಹಿಂದೆ ಎಂದರೆ, ನಮ್ಮ ತಾತನ ತಾತ ಊರುತ್ತಿದ್ದ ಕೋಲು ಇನ್ನೂ ಕಾಡಿನಲ್ಲಿ ಚಿಗುರುತ್ತಿದ್ದ ಕಾಲದಲ್ಲಿ, ತೊರೆನಾಡು ಎಂಬುದೊಂದು ರಾಜ್ಯವಿತ್ತು. ಹೆಸರೇ ಹೇಳುವಂತೆ ಅಲ್ಲಿ ಎತ್ತ ಹೊರಟರೂ ನೀರು. ಸಂತೆಗೆ ಹೋಗಬೇಕೆ, ಹಳ್ಳ ದಾಟಬೇಕು. ಮದುವೆಗೆ ಹೋಗಬೇಕೆ, ಹೊಳೆ ದಾಟಬೇಕು. ಪಕ್ಕದ ಮನೆಯವರೊಡನೆ ಜಗಳ ಕಾಯಬೇಕೆಂದರೂ ಒಂದು ಕಾಲುವೆ ಹಾರಿಯೇ ಹೋಗಬೇಕು. ಹಾರುವಷ್ಟರಲ್ಲಿ ಅರ್ಧ ಸಿಟ್ಟು ಇಳಿದುಹೋಗುತ್ತಿತ್ತು. ಹಾಗಾಗಿ ಆ ರಾಜ್ಯದಲ್ಲಿ ಜಗಳ ಕಡಿಮೆ.

ಇಂಥ ರಾಜ್ಯದ ಅರಮನೆಯ ಲಾಯದಲ್ಲಿ ನೀರಿಗೆ ಹೆದರುವ ಕುದುರೆಯೊಂದಿತ್ತು. ಒಲೆಗೆ ಹೆದರುವ ಅಡಿಗೆಭಟ್ಟನ ಹಾಗೆ! ಹೆಸರು ಗುಬ್ಬಿ. ಹೆಸರು ಗುಬ್ಬಿಯಾದರೂ ಆಳು ಆನೆಮರಿ. ಕಂದು ಮೈ, ಹಣೆಗೊಂದು ಬಿಳಿ ಬೊಟ್ಟು, ಬಾಯಿ ಮಾತ್ರ ಸದಾ ಆಡುತ್ತಲೇ ಇರಬೇಕು. ಲಾಯದ ಸೂರಿನ ಹುಲ್ಲು ತಿಂದಿತ್ತು, ಹಬ್ಬದ ತೋರಣ ತಿಂದಿತ್ತು, ಒಮ್ಮೆ ಮಹಾರಾಜರು ಬೆನ್ನು ತಟ್ಟಲು ಬಂದಾಗ ಅವರ ಕೊರಳಿನ ತುಳಸಿಮಾಲೆಯನ್ನೂ ತಿಂದುಬಿಟ್ಟಿತ್ತು. ಆದರೆ ಅಂಗಳದಲ್ಲಿ ಯಾರಾದರೂ ಒಂದು ಚೊಂಬು ನೀರು ಚೆಲ್ಲಿದರೆ ಸಾಕು, ನಾಲ್ಕೂ ಕಾಲು ನಡುಗಿ, ಕಣ್ಣು ಬಿಳಿಯಾಗಿ, ಹಿಂದೆ ಹಿಂದೆ ಹೋಗಿ ಗೋಡೆಗೆ ಅಂಟಿಕೊಳ್ಳುತ್ತಿತ್ತು.

ಗುಬ್ಬಿಯನ್ನು ಮುದ್ದು ಮಾಡುತ್ತಿದ್ದವಳು ಒಬ್ಬಳೇ, ರಾಜಕುಮಾರಿ ಚಂದಲೆ. ಲಾಯದ ಯಜಮಾನ ಕಾಳಿಂಗಯ್ಯ ಹುರಿಮೀಸೆ ತಿರುವುತ್ತಾ, "ಅಮ್ಮಣ್ಣಿ, ಇದನ್ನು ಗಾಣಕ್ಕೆ ಕೊಟ್ಟುಬಿಡೋಣ. ಅಲ್ಲಿ ನೀರಿಲ್ಲ, ಬರೀ ಎಣ್ಣೆ," ಎನ್ನುತ್ತಿದ್ದ.

"ಎಣ್ಣೆಗೂ ಹೆದರಿದರೆ?" ಎಂದು ಚಂದಲೆ ನಗುತ್ತಿದ್ದಳು.

ತೊರೆನಾಡಿನ ಲಾಯದಲ್ಲಿ ತಲೆತಲಾಂತರದಿಂದ ಒಂದು ಪದ್ಧತಿ. ನೀರು ದಾಟಿಸುವ ಮೊದಲು ಕುದುರೆಯ ಕಣ್ಣಿಗೆ ಕೆಂಪು ಬಟ್ಟೆ ಕಟ್ಟುವುದು, ಹಿಂದಿನಿಂದ ಚಾಟಿ ಬೀಸುವುದು. ಕಾಣದ್ದಕ್ಕೆ ಕುದುರೆ ಹೆದರದು ಎಂಬುದು ಕಾಳಿಂಗಯ್ಯನ ತಾತ ಹೇಳಿದ ಮಾತು. ತಾತ ಹೇಳಿದ್ದು ಅಂದಮೇಲೆ ಕುದುರೆಯನ್ನು ಯಾರು ಕೇಳುತ್ತಾರೆ?

ಹೀಗಿರಲಾಗಿ, ಗಡಿಯಲ್ಲಿದ್ದ ಮಬ್ಬುಹೊಳೆಯ ಆಚೆ ದಡಕ್ಕೆ ಜೊಂಡುಗಡ್ಡ ಎಂಬ ಮಾಂತ್ರಿಕ ಬಂದು ನೆಲೆಸಿದ. ಅವನ ಗಡ್ಡ ಕೂದಲಿನದಲ್ಲ, ಕೆರೆಯಂಚಿನ ಜೊಂಡುಹುಲ್ಲು; ಹಸಿರಾಗಿ, ಸೊಂಪಾಗಿ, ಮೊಣಕಾಲಿನವರೆಗೆ ಇಳಿದಿತ್ತು. ಹೊಳೆ ದಾಟಲು ಬಂದವರನ್ನು ಅವನು ಕಲ್ಲು ಮಾಡಿ ನೀರಿನ ತಳಕ್ಕೆ ಕೆಡವುತ್ತಿದ್ದ, ಅವರ ಉಸಿರನ್ನು ಗಡ್ಡದ ಎಳೆಯೊಂದರಲ್ಲಿ ಗಂಟು ಹಾಕಿಕೊಳ್ಳುತ್ತಿದ್ದ. ಗಂಟು ಹೆಚ್ಚಿದಷ್ಟೂ ಅವನಿಗೆ ಬಲ ಹೆಚ್ಚುತ್ತಿತ್ತು.

ಅವನನ್ನು ಮಟ್ಟ ಹಾಕಿ ಬರುತ್ತೇನೆಂದು ಚಂದಲೆಯ ಅಣ್ಣ, ಯುವರಾಜ ಮಾರಸಿಂಗ, ಲಾಯದ ಶೂರ ಕುದುರೆಗಳನ್ನೆಲ್ಲ ಕಟ್ಟಿಕೊಂಡು ಸವಾರರೊಡನೆ ಹೊರಟ. ಹೊರಡುವಾಗ ತಂಗಿಯ ಜಡೆ ಎಳೆದು, "ಚಂದೂ, ನಿನ್ನ ಗುಬ್ಬಿಗೆ ಈಜು ಕಲಿಸಿರು, ಬಂದಮೇಲೆ ನೋಡುತ್ತೇನೆ," ಎಂದು ಛೇಡಿಸಿದ. ಹೋದವನು ಬರಲಿಲ್ಲ. ಬಂದದ್ದು ಒಂದು ನೀರುಕಾಗೆ. ಅರಮನೆಯ ಗೋಡೆಯ ಮೇಲೆ ಕುಳಿತು, ರೆಕ್ಕೆ ಒಣಗಿಸಿಕೊಳ್ಳುತ್ತಾ, ಅದು ಮನುಷ್ಯರ ಮಾತಿನಲ್ಲಿ ಹೇಳಿತು:

"ಕಣ್ಣು ಮುಚ್ಚಿ ನೀರಿಗಿಳಿದವರ ಮೇಲಷ್ಟೇ ಅವನ ಮಂತ್ರ ನಡೆಯುತ್ತದೆ. ನಿಮ್ಮವರ ಕುದುರೆಗಳ ಕಣ್ಣು ಕಟ್ಟಿತ್ತು. ಎಲ್ಲರೂ ಕಲ್ಲಾದರು. ಬರುವ ಹುಣ್ಣಿಮೆಯೊಳಗೆ ಬಿಡಿಸಿದರೆ ಬದುಕಿದರು, ಇಲ್ಲವಾದರೆ ಕಲ್ಲು ಕಲ್ಲೇ. ಹೊಳೆಯ ಸೆಳೆತ ಜೋರು, ಕುದುರೆಯಿಲ್ಲದೆ ದಾಟಲಾಗದು. ಕುದುರೆಯ ಕಣ್ಣೂ ತೆರೆದಿರಲಿ, ಸವಾರರ ಕಣ್ಣೂ ತೆರೆದಿರಲಿ."

ಮಹಾರಾಜರು ಸಿಂಹಾಸನದಲ್ಲಿ ಕುಸಿದರು. ಲಾಯದಲ್ಲಿ ಉಳಿದಿದ್ದದ್ದು ಯಾವ ಕುದುರೆ ಹೇಳಿ? ಗುಬ್ಬಿ. ಆ ಹೊತ್ತಿನಲ್ಲೂ ಅದು ಕಾಳಿಂಗಯ್ಯನ ಪೇಟದ ತುದಿ ಜಗಿಯುತ್ತಿತ್ತು.

"ಅಪ್ಪಾಜಿ, ನಾನು ಹೋಗುತ್ತೇನೆ," ಎಂದಳು ಚಂದಲೆ.

"ಯಾವುದರ ಮೇಲೆ ಮಗಳೇ?"

"ಗುಬ್ಬಿಯ ಮೇಲೆ."

ಕಾಳಿಂಗಯ್ಯ ಪೇಟ ಬಿಡಿಸಿಕೊಳ್ಳುತ್ತಾ, "ಅಮ್ಮಣ್ಣಿ, ಇದು ಸ್ನಾನ ಮಾಡಿದವರನ್ನು ಕಂಡರೂ ಹೆದರುತ್ತದಲ್ಲ!" ಎಂದ.

ಲಾಯದ ಅಂಗಳದಲ್ಲಿ ಪಾತ್ರೆ ತೊಳೆದ ನೀರು ನಿಂತು ಒಂದು ಸಣ್ಣ ಹೊಂಡವಾಗಿತ್ತು. ಕಣಕಾಲೂ ಮುಳುಗದಷ್ಟು ನೀರು. ಚಂದಲೆ ಗುಬ್ಬಿಯನ್ನು ಅಲ್ಲಿಗೆ ತಂದಳು. ಹಗ್ಗ ಹಿಡಿದು ಎಳೆದಳು, ಬರಲಿಲ್ಲ. ಬೆಲ್ಲ ತೋರಿಸಿದಳು, ಕಾಲು ಅಲ್ಲೇ ಇಟ್ಟು, ಕೊಕ್ಕರೆಯ ಹಾಗೆ ಕತ್ತು ಚಾಚಿ, ಬೆಲ್ಲವನ್ನಷ್ಟೇ ಎತ್ತಿಕೊಂಡಿತು. ಕೊನೆಗೆ, ಅಭ್ಯಾಸಕ್ಕಾದರೂ ಆಗಲಿ ಎಂದು ಅವಳೂ ಕೆಂಪು ಬಟ್ಟೆ ಕಟ್ಟಿದಳು. ಗುಬ್ಬಿ ಅಲುಗಲಿಲ್ಲ. ಅದರ ಎದೆಯ ಮೇಲೆ ಕೈಯಿಟ್ಟರೆ ಒಳಗೆ ಡೋಲು ಬಡಿಯುತ್ತಿತ್ತು.

ಚಂದಲೆಗೆ ಏನನ್ನಿಸಿತೋ. ಬಟ್ಟೆ ಬಿಚ್ಚಿ ತನ್ನ ಕಣ್ಣಿಗೇ ಕಟ್ಟಿಕೊಂಡು ಹೊಂಡದೊಳಗೆ ಒಂದು ಹೆಜ್ಜೆ ಇಟ್ಟಳು. ಅಬ್ಬಬ್ಬಾ! ಹುಟ್ಟಿದಾರಭ್ಯ ಕಂಡ ಹೊಂಡ, ತಳವೇ ಇಲ್ಲದ ಪಾತಾಳವಾಗಿಬಿಟ್ಟಿತು. ಇನ್ನೊಂದು ಹೆಜ್ಜೆ ಎಲ್ಲಿಡುವುದೋ ತಿಳಿಯದೆ ಜಾರಿ ಧೊಪ್ಪೆಂದು ಕುಳಿತಳು.

"ಕಾಳಿಂಗಯ್ಯನವರೇ," ಎಂದಳು ಕೆಸರಿನೊಳಗಿಂದಲೇ, "ಕಾಣದ್ದಕ್ಕೇ ಹೆದರಿಕೆ ಜಾಸ್ತಿ. ನಿಮ್ಮ ತಾತ ಇದನ್ನು ಕಟ್ಟಿಕೊಂಡು ನೋಡಿದ್ದರೇ?"

"ನಮ್ಮ ತಾತನೆಂದರೆ ಏನೆಂದುಕೊಂಡಿರಿ ಅಮ್ಮಣ್ಣಿ! ಅವರೇಕೆ ಕಟ್ಟಿಕೊಳ್ಳುತ್ತಾರೆ?" ಎಂದ ಕಾಳಿಂಗಯ್ಯ, ಮತ್ತೆ ಯಾಕೋ ಮೀಸೆ ತಿರುವುವುದನ್ನು ನಿಲ್ಲಿಸಿದ.

ಚಂದಲೆ ಕೆಂಪು ಬಟ್ಟೆಯನ್ನು ಲಾಯದ ಸೂರಿಗೆ ಎಸೆದಳು. ಹೊಂಡದ ನಡುವೆ ಹಾಗೇ ಚಕ್ಕಳಮಕ್ಕಳ ಹಾಕಿ ಕುಳಿತು, ಬೆಲ್ಲವನ್ನು ತಾನೇ ತಿನ್ನತೊಡಗಿದಳು. ತನ್ನ ಪಾಲಿನ ಬೆಲ್ಲ ಬೇರೆಯವರ ಬಾಯಿಗೆ ಹೋಗುವುದನ್ನು ಗುಬ್ಬಿ ಎಷ್ಟು ಹೊತ್ತು ನೋಡೀತು? ಮೆಲ್ಲಗೆ ಹತ್ತಿರ ಬಂತು.

"ನೋಡು," ಎಂದಳು ಚಂದಲೆ. ಗುಬ್ಬಿ ನೀರನ್ನು ನೋಡಿತು.

"ಮೂಸು." ಮೂಗು ತಗ್ಗಿಸಿ ಬುಸ್ ಎಂದಿತು.

"ಮುಟ್ಟು. ಅವಸರವಿಲ್ಲ ಮರಿ, ನಾನಿದ್ದೇನೆ."

ಒಂದು ಗೊರಸು ನೀರಿಗೆ ಬಿತ್ತು. ಪಚಕ್! ಗುಬ್ಬಿ ಬೆಚ್ಚಿಬಿದ್ದು ಹಿಂದೆ ಸರಿಯಿತು. ಬೇರೆ ಯಾರಾದರೂ ಆಗಿದ್ದರೆ, "ಬಂತಲ್ಲ, ಎಳೀ ಇನ್ನೊಂದು ಕಾಲು," ಎನ್ನುತ್ತಿದ್ದರು. ಚಂದಲೆ ಹಾಗೆ ಮಾಡಲಿಲ್ಲ. ಎದ್ದು ಕತ್ತು ತಬ್ಬಿ, "ಶಭಾಷ್, ಇವತ್ತಿಗೆ ಇಷ್ಟು ಸಾಕು," ಎಂದು ಒಣನೆಲಕ್ಕೆ ಕರೆದೊಯ್ದು ಮೈ ಉಜ್ಜಿದಳು. ಬೇಕೆಂದಾಗ ಹಿಂದೆ ಬರಬಹುದು ಎಂದು ಗೊತ್ತಾದರೆ ಮುಂದೆ ಹೋಗಲು ಅರ್ಧ ಧೈರ್ಯ ಬಂದಂತೆಯೇ, ಅಲ್ಲವೇ? ಮರುದಿನ ಎರಡು ಕಾಲು ಇಳಿದವು. ಅದರ ಮರುದಿನ ನಾಲ್ಕೂ. ಚಂದ್ರ ಅರ್ಧ ತುಂಬುವಷ್ಟರಲ್ಲಿ ಗುಬ್ಬಿ ಹೊಂಡದಲ್ಲಿ ಕಾಲು ಬಡಿದು ಬಡಿದು ಕಾಳಿಂಗಯ್ಯನ ಹೊಸ ಪಂಚೆಯನ್ನು ಕೆಸರು ಮಾಡಿತು.

ಇನ್ನು ತಡಮಾಡುವಂತಿರಲಿಲ್ಲ. ಚಂದಲೆ ಹೊರಟಳು.

ಮೊದಲು ಎದುರಾದದ್ದು ಹಾಲುಹಳ್ಳ. ನೀರೆಲ್ಲ ಹಾಲಿನಂತೆ ಬೆಳ್ಳಗೆ, ಒಳಗೇನಿದೆಯೋ ಕಾಣದು. ಗುಬ್ಬಿ ದಡದಲ್ಲಿ ಗಕ್ಕನೆ ನಿಂತಿತು. ಚಂದಲೆ ಕೆಳಗಿಳಿದು ತಾನು ಮೊದಲು ನೀರಿಗೆ ಕಾಲಿಟ್ಟಳು. "ನೋಡು. ಮೂಸು. ಮುಟ್ಟು. ಅವಸರವಿಲ್ಲ." ಗುಬ್ಬಿ ಗೊರಸಿನಿಂದ ತಳ ತಡವಿತು, ಗಟ್ಟಿಯಿದ್ದಲ್ಲಿ ಭಾರ ಬಿಟ್ಟಿತು, ಜೌಗಿದ್ದಲ್ಲಿ ಕಾಲೆತ್ತಿಕೊಂಡಿತು. ಹೀಗೆ ತಡವುತ್ತಾ ತಡವುತ್ತಾ ದಾಟಿದರು.

ಎರಡನೆಯದು ಕನ್ನಡಿತೊರೆ. ಅದರೊಳಗೆ ಗುಬ್ಬಿಯಂಥದೇ ಇನ್ನೊಂದು ಕುದುರೆ, ಹಲ್ಲು ಕಿರಿದು, ಕಿವಿ ಹಿಂದಕ್ಕೆ ಮಲಗಿಸಿ, "ಕಾಲಿಟ್ಟರೆ ಕಚ್ಚುತ್ತೇನೆ!" ಎಂದು ಗುಡುಗಿತು. ಗುಬ್ಬಿ ನಡುಗಿ ದೂರ ಓಡಿತು. ಚಂದಲೆ ತಡೆಯಲಿಲ್ಲ. ಓಡಿದಷ್ಟು ದೂರ ಜೊತೆಗೆ ಓಡಿ, ಮರದ ನೆರಳಲ್ಲಿ ಬೆಲ್ಲ ಕೊಟ್ಟು, ಮತ್ತೆ ಕರೆತಂದಳು. "ನೋಡು. ಮೂಸು. ಮುಟ್ಟು. ಅವಸರವಿಲ್ಲ." ಗುಬ್ಬಿ ಮೂಗು ತಗ್ಗಿಸಿತು. ನೀರಿನ ಕುದುರೆಯೂ ಮೂಗೆತ್ತಿತು. ಮೂಗಿಗೆ ಮೂಗು ತಾಗಿದ್ದೇ ತಡ, ಅಲೆ ಎದ್ದು ಆ ಕುದುರೆ ಚೂರುಚೂರಾಗಿ ಹರಿದುಹೋಯಿತು. ಗುಬ್ಬಿಗೆ ಇದು ಎಷ್ಟು ಹಿಡಿಸಿತೆಂದರೆ, ದಾಟಿದ ಮೇಲೆ ಹಿಂದಿರುಗಿ ಬಂದು ಇನ್ನೊಮ್ಮೆ ಮೂಗು ತಾಗಿಸಿ ಹೋಯಿತು.

ಮೂರನೆಯದೇ ಮಬ್ಬುಹೊಳೆ. ಅಂದೇ ಹುಣ್ಣಿಮೆ, ಹೊತ್ತು ಮುಳುಗಲು ಬಂದಿತ್ತು. ಹೊಳೆ ಎಷ್ಟು ಅಗಲವೆಂದರೆ ಆಚೆ ದಡ ಹೊಗೆಯ ಹಾಗೆ ಕಾಣುತ್ತಿತ್ತು. ಇಲ್ಲಿ ಚಂದಲೆ ಬೆನ್ನ ಮೇಲೆಯೇ ಕುಳಿತಳು. ಗುಬ್ಬಿ ತಾನಾಗಿ ನೋಡಿತು, ಮೂಸಿತು, ಮುಟ್ಟಿತು, ಇಳಿಯಿತು. ನೀರು ಗೊರಸಿಗೆ ಬಂತು, ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು.

ನಡುಹೊಳೆಯಲ್ಲಿ ನೀರಿನೊಳಗಿಂದ ಅಣ್ಣನ ದನಿ ಕೇಳಿಸಿತು. "ಚಂದೂ, ಸೆಳೆತ ನೋಡಿದರೆ ತಲೆ ತಿರುಗುತ್ತದೆ. ಕಣ್ಣು ಮುಚ್ಚಿಕೋ, ಪುಟ್ಟೀ. ಸುಲಭವಾಗುತ್ತದೆ."

ಅಣ್ಣನದೇ ದನಿ, ಅದೇ ಅಕ್ಕರೆ. ಚಂದಲೆ ಕೆಳಗೆ ನೋಡಿದಳು. ಕರಿನೀರು ಗಿರಗಿರ ಸುತ್ತುತ್ತಿತ್ತು. ಎದೆಯೊಳಗೆ ಡೋಲು ಬಡಿಯಿತು. ನೋಡಲಾರದೆ ಅವಳು ಕಣ್ಣು ಮುಚ್ಚಿಬಿಟ್ಟಳು.

ಮುಚ್ಚಿದ್ದೇ ತಡ, ಪಾದ ತಣ್ಣಗಾಯಿತು. ಬೆರಳು ಕಲ್ಲಾದವು. ಮೊಣಕಾಲು ಭಾರವಾಯಿತು.

ಗುಬ್ಬಿ ನಿಂತುಬಿಟ್ಟಿತು. ಓಡಲಿಲ್ಲ, ಕೆನೆಯಲಿಲ್ಲ, ಬೆನ್ನು ಕೊಡವಲಿಲ್ಲ. ಆ ಸೆಳೆತದಲ್ಲಿ ನಾಲ್ಕೂ ಕಾಲು ಊರಿ, ಕತ್ತು ಹಿಂದಕ್ಕೆ ತಿರುಗಿಸಿ, ಅವಳ ಕಲ್ಲಾದ ಮೊಣಕಾಲನ್ನು ಮೂಸಿತು. ಮೆತ್ತನೆಯ ತುಟಿಯಿಂದ ಮುಟ್ಟಿತು. ಬುಸ್ ಎಂದು ಬಿಸಿಯುಸಿರು ಬಿಟ್ಟಿತು. ಮತ್ತೆ ಕಾಯಿತು. ಹೊಂಡದ ಬಳಿ ಚಂದಲೆ ಕಾದಂತೆಯೇ, ಅವಸರವಿಲ್ಲದೆ ಕಾಯಿತು.

ಆ ಬಿಸಿಯುಸಿರಿಗೆ ಚಂದಲೆ ಮೊದಲು ಒಂದು ಕಣ್ಣು ತೆರೆದಳು. ಕಂಡದ್ದು ಹಣೆಯ ಬಿಳಿ ಬೊಟ್ಟು. ಇನ್ನೊಂದು ಕಣ್ಣನ್ನೂ ತೆರೆದಳು. "ನೋಡಿದೆ ಕಣೋ," ಎಂದಳು. ಬಗ್ಗಿ ಅದರ ಕಿವಿಯ ನಡುವಿನ ಕೂದಲು ಮೂಸಿ, "ಮೂಸಿದೆ," ಎಂದಳು. ನೀರೊಳಗೆ ಕೈಯಿಟ್ಟು, "ಮುಟ್ಟಿದೆ. ನಡಿ ಮರಿ," ಎಂದಳು. ಕಾಲಿಗೆ ಜೀವ ಬಂತು. ಗುಬ್ಬಿ ನೀರು ಸೀಳಿಕೊಂಡು ನಡೆದು ಆಚೆ ದಡ ಹತ್ತಿತು.

ಜೊಂಡುಗಡ್ಡ ಕಣ್ಣು ಕೆಂಪು ಮಾಡಿಕೊಂಡು ಎದುರು ಬಂದ. "ಯಾರೇ ನೀನು? ಯಾವ ಕುದುರೆಯೇ ಇದು?"

"ನಾನು ಚಂದಲೆ. ಇವನು ಗುಬ್ಬಿ."

"ಗುಬ್ಬಿಯೇ!" ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. ನಗುತ್ತಾ ನಗುತ್ತಾ ಮುಂದಕ್ಕೆ ಬಾಗಿದ. ಬಾಗಿದಾಗ ಗಡ್ಡ ಗುಬ್ಬಿಯ ಮೂಗಿನ ಮುಂದೆ ತೂಗಾಡಿತು. ದಿನವಿಡೀ ನಡೆದು ಹಸಿದ ಕುದುರೆ, ಎದುರಿಗೆ ಸೊಂಪಾದ ಹಸಿ ಜೊಂಡು! ನೋಡಿತು, ಮೂಸಿತು. ಮುಟ್ಟುವುದೇನು, ಕರಕ್ಕೆಂದು ಬುಡಕ್ಕೇ ಬಾಯಿ ಹಾಕಿತು.

"ಅಯ್ಯಯ್ಯೋ, ಬಿಡಿಸೇ! ನನ್ನ ಗಡ್ಡ! ನನ್ನ ಬಲ!"

"ತಿನ್ನುವಾಗ ಅವನು ಯಾರ ಮಾತೂ ಕೇಳುವುದಿಲ್ಲ," ಎಂದಳು ಚಂದಲೆ. "ಮಹಾರಾಜರ ಮಾಲೆಯನ್ನೇ ಬಿಟ್ಟಿಲ್ಲ."

ಗಂಟು ಗಂಟು ಹರಿದವು. ಹರಿದ ಒಂದೊಂದು ಗಂಟಿನಿಂದಲೂ ಉಸಿರೊಂದು ಹಾರಿ ಹೊಳೆಗಿಳಿಯಿತು. ಕಲ್ಲುಗಳು ಕೆಮ್ಮಿದವು, ಸೀನಿದವು, ಎದ್ದು ನಿಂತವು. ಕೊನೆಯ ಎಳೆ ಗುಬ್ಬಿಯ ಹೊಟ್ಟೆ ಸೇರುವಾಗ ಮಾಂತ್ರಿಕ ಕುಗ್ಗಿ ಕುಗ್ಗಿ ಒಂದು ಕಪ್ಪೆಯಾಗಿ ಪುಳಕ್ಕನೆ ನೀರಿಗೆ ಹಾರಿದ. ಹುಣ್ಣಿಮೆಯ ಚಂದ್ರ ಮೂಡಿದ.

ಮಾರಸಿಂಗ ಒದ್ದೆಮುದ್ದೆಯಾಗಿ ದಡ ಹತ್ತಿದ. ತಂಗಿಯನ್ನು ನೋಡಿದ, ಕುದುರೆಯನ್ನು ನೋಡಿದ, ಹೊಳೆಯ ಅಗಲ ನೋಡಿದ.

"ಚಂದೂ... ಗುಬ್ಬಿ... ನೀರಿಗೆ ಇಳಿಯಿತೇ?"

"ಈಜು ಕಲಿಸಿರು ಎಂದಿದ್ದೆಯಲ್ಲ ಅಣ್ಣಾ. ನಡೆಯುವುದನ್ನಷ್ಟೇ ಕಲಿಸಲು ಆಯಿತು," ಎಂದಳು ಚಂದಲೆ. ಅಷ್ಟು ಹೇಳಿ ಅವನ ಎದೆಗೆ ಬಿದ್ದು ಜೋರಾಗಿ ಅತ್ತಳು.

ಮರಳುವಾಗ ನೋಡಬೇಕಿತ್ತು! ಆ ಶೂರ ಕುದುರೆಗಳೆಲ್ಲ ಕಣ್ಣಿನ ಬಟ್ಟೆ ಕಳಚಿ, ಜೀವಮಾನದಲ್ಲಿ ಮೊದಲ ಸಲ ದಾಟುವ ನೀರನ್ನು ಕಣ್ಣಾರೆ ಕಂಡು, ದಡದಲ್ಲಿ ಸಾಲಾಗಿ ನಿಂತು ಗಡಗಡ ನಡುಗಿದವು. ಸವಾರನೊಬ್ಬ ಚಾಟಿ ಎತ್ತಿದ. ಮಾರಸಿಂಗ ಅದನ್ನು ಕಸಿದು ಹೊಳೆಗೆಸೆದ. ಗುಬ್ಬಿ ಮುಂದೆ ಇಳಿದು, ಹೊಟ್ಟೆಮಟ್ಟ ನೀರಿನಲ್ಲಿ ನಿಂತು, ಹಿಂದಿರುಗಿ ನೋಡುತ್ತಾ ಕಾಯಿತು. ಒಂದು ಬಂತು, ಅದರ ಹಿಂದೆ ಇನ್ನೊಂದು ಬಂತು, ಕೊನೆಗೆ ಎಲ್ಲವೂ ಬಂದವು.

ಅಂದಿನಿಂದ ತೊರೆನಾಡಿನಲ್ಲಿ ಯಾವ ಕುದುರೆಯ ಕಣ್ಣನ್ನೂ ಕಟ್ಟಲಿಲ್ಲ. ಹೊಸ ಮರಿ ಬಂದರೆ ಕಾಳಿಂಗಯ್ಯನೇ ಪಂಚೆ ಮೇಲೆ ಕಟ್ಟಿ, ಅಂಗಳದ ಹೊಂಡದಲ್ಲಿ ಕುಳಿತು, ಬೆಲ್ಲ ತಿನ್ನುತ್ತಾ ಕಾಯುತ್ತಿದ್ದ. ಮೀಸೆಗೆ ಬೆಲ್ಲ ಅಂಟಿ ಇರುವೆ ಬಂದರೂ ಏಳುತ್ತಿರಲಿಲ್ಲ. ಚಂದಲೆಯೂ ಗುಬ್ಬಿಯೂ ಆಗಾಗ ಕನ್ನಡಿತೊರೆಗೆ ಹೋಗಿ ನೀರಿನ ಕುದುರೆಗೆ ಮೂಗು ತಾಗಿಸಿ ಬರುತ್ತಿದ್ದರು. ಅವರ ಹೊಳೆ ಅಲ್ಲಿ ತಣ್ಣಗೆ ಹರಿಯುತ್ತಿರಲಿ, ಕೇಳಿದ ನಿಮ್ಮ ಹೊಟ್ಟೆ ಇಲ್ಲಿ ತಣ್ಣಗಿರಲಿ. ಉಳಿದ ಬೆಲ್ಲ ಗುಬ್ಬಿಗಿರಲಿ.