ಎಳೆ ತಪ್ಪಿದ ಹಾಳೆಗಳು

"ತೆಗೀರಿ! ದಮ್ಮಯ್ಯ, ಬೇಗ ಬಾಗಿಲು ತೆಗೀರಿ!"

ಕೈಯಲ್ಲಿದ್ದ ಅಂಟಿನ ಬ್ರಶ್ಶಿನ ಹಿಡಿಯಿಂದಲೇ ಅವಳು ಟಾಯ್ಲೆಟ್ಟಿನ ಬಾಗಿಲು ಬಡಿಯುತ್ತಿದ್ದಳು. ಹಣೆಯಲ್ಲಿ ಬೆವರು. ಇನ್ನೊಂದು ನಿಮಿಷ... ಅಷ್ಟೂ ಇಲ್ಲ!

ಬಾಗಿಲು ತೆರೆಯಿತು. ಮೊಣಕೈತನಕ ಸೋಪಿನ ನೊರೆ, ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ ಹೊಸ ಬೈಂಡರ್.

"ಕೈಗೆ ಇಂಕಾಗಿತ್ತು, ಅದಕ್ಕೆ..."

"ಸರೀರಿ ಪಕ್ಕಕ್ಕೆ!"

ಬ್ರಶ್ಶನ್ನು ಅವನ ಕೈಗೆ ತುರುಕಿ ಒಳಗೆ ನುಗ್ಗಿದಳು.

ಇಪ್ಪತ್ತು ನಿಮಿಷದ ನಂತರ ಹೊರಬಂದಾಗ ಅವನು ಅಲ್ಲೇ ನಿಂತಿದ್ದ! ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಕಾದು ನಿಂತಿದ್ದಾನಾ? ಆಡಿಕೊಳ್ಳೋಕಾ?

"ಬ್ರಶ್ ತೊಳೆದಿದ್ದೀನಿ," ಎಂದ ಅವನು. "ಅಂಟು ಒಣಗಿದ್ರೆ ಕೂದಲೆಲ್ಲ ಹಾಳಾಗುತ್ತೆ."

ಅಷ್ಟೇ ಹೇಳಿ ಹೋದ.

ಅದು ಗ್ರಂಥಾಲಯದ ಹಿಂಭಾಗದಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ಕೋಣೆ. ಮೂರು ಮೇಜು, ಒಂದು ಒತ್ತುಯಂತ್ರ, ಮೈದಾ ಅಂಟಿನ ವಾಸನೆ. ಮರುದಿನ ಬಂದು ನೋಡಿದರೆ ಕೋಣೆಯ ಮೇಲ್ವಿಚಾರಕಿ ಮೇಡಂ ಅವಳ ಮೇಜನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದರು. ಅಲ್ಲಿಂದ ಟಾಯ್ಲೆಟ್ಟಿಗೆ ಎಂಟು ಹೆಜ್ಜೆ.

ಅವಳ ರಕ್ತ ಕುದಿಯಿತು. ನೇರ ಅವನ ಮುಂದೆ ನಿಂತಳು.

"ಮೇಡಂಗೆ ನನ್ನ ಬಗ್ಗೆ ಏನು ಹೇಳಿದ್ರಿ?"

"ನನ್ನ ಬಗ್ಗೆ ಹೇಳಿದೆ. ನೆಗಡಿ, ಬಾಗಿಲ ಗಾಳಿ ಆಗಲ್ಲ, ಜಾಗ ಬದಲಾಯಿಸಿ ಅಂತ."

"ಎಷ್ಟು ದಿನ ಇರುತ್ತಂತೆ ಈ ನೆಗಡಿ?"

"ನೀವು ಹೇಳಿದಷ್ಟು ದಿನ."

ಅವಳು ಹೋಗಿ ಹೊಸ ಜಾಗದಲ್ಲಿ ಕೂತಳು.

ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಅವನ ತಾಯಿಯ ವಯಸ್ಸಿನ ಮೇಡಂ ಕೂಡ. ಅವಳೊಬ್ಬಳು ಮಾತ್ರ ಬರೀ 'ರೀ' ಎಂದು ಕರೆಯುತ್ತಿದ್ದಳು. ಮನೆಯಲ್ಲಿ ಅಕ್ಕ ಕೇಳಿದ್ದಳು, "ಅಣ್ಣ ಅನ್ನೋಕೆ ನಾಲಿಗೆ ಹೊರಳಲ್ವೇನೇ ನಿಂಗೆ?"

"ಸುಮ್ನಿರೇ ಅಕ್ಕ!"

ಎರಡು ತಿಂಗಳ ಮೇಲೆ, ಚಹಾದ ಹೊತ್ತಿನಲ್ಲಿ, ಅವಳಾಗಿಯೇ ಹೇಳಿದಳು.

"ನಂಗೆ ದೊಡ್ಡ ಕರುಳಿಲ್ಲ. ಪೂರ್ತಿ ಹುಣ್ಣಾಗಿತ್ತು, ತೆಗೆದುಬಿಟ್ರು. ಸಣ್ಣ ಕರುಳಿನ ತುದೀನ ಮಡಚಿ, ಹೊಲಿದು, ಒಳಗೇ ಒಂದು ಸಂಚಿ ಮಾಡಿದ್ದಾರೆ."

"ಮಡಚಿ ಹೊಲಿದ್ರಾ? ಡಾಕ್ಟರೂ ನಮ್ಮ ಕಸುಬಿನವರೇ ಹಾಗಾದ್ರೆ."

ಅವಳು ಚಹಾ ಚೆಲ್ಲುವಷ್ಟು ನಕ್ಕಳು. ಈ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು.

"ಆ ಸಂಚಿಗೆ ಬಾವು ಬರುತ್ತೆ, ಮತ್ತೆ ಮತ್ತೆ. ಮೊದಲು ಎರಡು ಆ್ಯಂಟಿಬಯೋಟಿಕ್ ಇತ್ತು, ಎರಡು ವಾರ ಇದು, ಎರಡು ವಾರ ಅದು. ಈಗ ಅದರಲ್ಲಿ ಬಿಳಿ ಮಾತ್ರೆ ಒಂದಕ್ಕೆ ಮಾತ್ರ ಬಗ್ಗೋದು. ಹದಿನಾಲ್ಕು ತಿಂಗಳಾಯ್ತು. ಬಾಯಲ್ಲಿ ಯಾವಾಗಲೂ ಕಬ್ಬಿಣ ನೆಕ್ಕಿದ ರುಚಿ."

"ನಿಲ್ಲಿಸಿದ್ರೆ?"

"ದಿನಕ್ಕೆ ಹದಿನೈದು ಸಲ ಓಡಬೇಕು. ಜ್ವರ. ಮಲಗಿದಲ್ಲೇ ಒಮ್ಮೊಮ್ಮೆ..." ಅವಳು ಲೋಟದೊಳಗೆ ನೋಡಿದಳು. "ಅದೂ ಆಗಲಿಲ್ಲ ಅಂದ್ರೆ ಸಂಚಿ ತೆಗೆದು, ಹೊಟ್ಟೆಗೆ ತೂತು ಮಾಡಿ, ಮಲ ಹಿಡಿಯೋಕೆ ಮೇಲೊಂದು ಚೀಲ. ಸಾಯೋತನಕ."

ಮೊದಲ ಆಪರೇಷನ್ ಆದಾಗ ಮೂರು ತಿಂಗಳು ಆ ಚೀಲವಿತ್ತು. ಮದುವೆ ಗೊತ್ತಾಗಿದ್ದ ಹುಡುಗ ಆಸ್ಪತ್ರೆಗೆ ಬಂದಿದ್ದ. ಹೊದಿಕೆ ಸರಿದಾಗ ಒಮ್ಮೆ ನೋಡಿದ. ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆಳೆದುಕೊಂಡ. ಮುಂದಿನ ವಾರ ಅವನ ತಾಯಿಯ ಫೋನ್ ಬಂತು.

ಇದನ್ನು ಮಾತ್ರ ಅವಳು ಹೇಳಲಿಲ್ಲ. ಇನ್ನೊಂದನ್ನೂ ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ. ಕಳೆದ ವಾರ ಮೆಟ್ಟಿಲಲ್ಲಿ ಒಂದು ಚಪ್ಪಲಿ ಕಳಚಿತ್ತು. ಬರಿಗಾಲಲ್ಲಿ ಮನೆತನಕ ನಡೆದಿದ್ದಳು. ಅಕ್ಕ ಹೇಳುವವರೆಗೆ ಗೊತ್ತೇ ಆಗಿರಲಿಲ್ಲ!

ಜೋಮು... ಅಷ್ಟೇ. ಎಲ್ಲರಿಗೂ ಬರುತ್ತೆ. ಹಾಗೆ ಅಂದುಕೊಂಡಿದ್ದಳು.

ಅವಳ ಕೆಲಸವಿದ್ದದ್ದು ಬೆರಳತುದಿಯಲ್ಲಿ. ಪ್ರತಿ ಕಾಗದಕ್ಕೂ ಒಂದು ಎಳೆ, ಅಂದರೆ ನಾರಿನ ದಿಕ್ಕು, ಇರುತ್ತದೆ. ಎಳೆಗುಂಟ ಮೆತ್ತಗೆ ಬಾಗುತ್ತದೆ, ಅಡ್ಡಕ್ಕೆ ಬಗ್ಗಿಸಿದರೆ ಸೆಟೆಯುತ್ತದೆ. ಹಾಳೆಯ ಎಳೆ, ರಟ್ಟಿನ ಎಳೆ ಒಂದೇ ದಿಕ್ಕಿಗಿರಬೇಕು. ತಪ್ಪಿದರೆ ಅಂಟು ಒಣಗುವಾಗ ರಟ್ಟು ಸೊಟ್ಟಗಾಗಿ, ಪುಸ್ತಕ ಬಾಯಿ ಬಿಟ್ಟುಕೊಳ್ಳುತ್ತದೆ. ಅವಳು ಅದನ್ನು ಕಣ್ಣು ಮುಚ್ಚಿ ಹೇಳಬಲ್ಲವಳು. ಈ ತಿಂಗಳ ಕೊನೆಗೆ ಕೋಣೆಯಲ್ಲಿ ಒಂದು ಹುದ್ದೆ ಖಾಯಂ ಆಗಲಿತ್ತು. ಅದು ತನ್ನದೇ ಎಂದು ನಂಬಿದ್ದಳು.

ಒಂದು ಮಧ್ಯಾಹ್ನ ಸೂಜಿ ಹುಡುಕುತ್ತಾ ಅವನ ಡ್ರಾಯರ್ ಎಳೆದಳು.

ಒಳಗೆ, ರಟ್ಟಿನ ಒಳಬದಿಗೆ ಅಂಟಿಸುವ ಹಾಳೆಗಳು, ಹರಿದು ತೆಗೆದವು. ಹನ್ನೊಂದು! ಪ್ರತಿಯೊಂದರ ಮೂಲೆಯಲ್ಲೂ ಅವಳದೇ ಪೆನ್ಸಿಲ್ ಗುರುತು. ಅವಳು ಅಂಟಿಸಿ ಮುಗಿಸಿದ ಪುಸ್ತಕಗಳವು!

ಊಟ ಮುಗಿಸಿ ಅವನು ಬಂದಾಗ ಅವಳು ಹಾಳೆಗಳನ್ನು ಅವನ ಮೇಜಿನ ಮೇಲೆ ಹರಡಿ ನಿಂತಿದ್ದಳು.

"ನನ್ನ ಕೆಲಸ ಕಿತ್ತು ಕೂಡಿಡ್ತಾ ಇದ್ದೀರಾ? ಮೇಡಂಗೆ ತೋರಿಸೋಕಾ? ಆ ಹುದ್ದೆಗೋಸ್ಕರ ಇಷ್ಟು ನಾಟಕವಾ? ನೆಗಡಿಯಂತೆ ನೆಗಡಿ!"

ಅವನು ಒತ್ತುಯಂತ್ರದಿಂದ ದೊಡ್ಡದೊಂದು ಭೂಪಟದ ಪುಸ್ತಕ ತಂದಿಟ್ಟ. ನಿನ್ನೆ ಅವಳು ಮುಗಿಸಿದ್ದು. ರಟ್ಟು ದೋಣಿಯ ಹಾಗೆ ಬಾಗಿತ್ತು.

ಆಮೇಲೆ ಒಂದು ಬಿಳಿ ಹಾಳೆ ಅವಳ ಕೈಗೆ ಕೊಟ್ಟ. "ಕಣ್ಣು ಮುಚ್ಚಿ. ಎಳೆ ಯಾವ ಕಡೆ?"

"ಇದೇನು ಪರೀಕ್ಷೇನಾ?"

"ಹೇಳಿ."

ಅವಳು ಬಗ್ಗಿಸಿದಳು. "...ಉದ್ದಕ್ಕೆ."

"ಇದು?"

ಮತ್ತೆ ಬಗ್ಗಿಸಿದಳು. ಬೆರಳುಗಳು ಬೇರೆ ಯಾರವೋ ಎಂಬಂತಿದ್ದವು. "ಅಡ್ಡಕ್ಕೆ..."

ಅವಳು ಕಣ್ಣು ತೆರೆದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಎರಡು ಸಲವೂ ಅದೇ ಹಾಳೆ. ಹಾಗೇ ಕೊಟ್ಟಿದ್ದು, ತಿರುಗಿಸಲಿಲ್ಲ."

ಅವಳು ಸ್ಟೂಲ್ ಎಳೆದು ಕೂತಳು.

"ಒಂದೂವರೆ ತಿಂಗಳಿಂದ ಊಟದ ಹೊತ್ತಲ್ಲಿ ಸರಿ ಮಾಡ್ತಿದ್ದೆ. ಹೇಳೋಕೆ ಧೈರ್ಯ ಬರಲಿಲ್ಲ. ಆ ಹಾಳೆಗಳನ್ನ ಬಿಸಾಡೋಕೂ ಮನಸ್ಸಾಗಲಿಲ್ಲ... ಡಾಕ್ಟರಿಗೆ ಹೇಳಿದ್ದೀರಾ?"

"ಹೇಳಿದ್ರೆ ಮಾತ್ರೆ ನಿಲ್ಲಿಸ್ತಾರೆ!" ಅವಳು ಚೀರಿದಳು. "ನಿಮಗೇನು ಗೊತ್ತು ನಿಲ್ಲಿಸಿದ್ರೆ ಏನಾಗುತ್ತೆ ಅಂತ?"

"ಇಲ್ಲ, ಗೊತ್ತಿಲ್ಲ. ಆದ್ರೂ ನಡಿ."

'ನಡೀರಿ' ಅನ್ನಲಿಲ್ಲ ಅವನು. ಅವಳು ಅದನ್ನು ಗಮನಿಸಿದಳು. ಎದ್ದಳು.

ಡಾಕ್ಟರಮ್ಮ ಪಾದಕ್ಕೆ, ಬೆರಳಿಗೆ ಪಿನ್ ಚುಚ್ಚಿ ನೋಡಿದರು. "ಪ್ರತಿ ಸಲ ಕೇಳಿದ್ದೀನಲ್ಲಮ್ಮ, ಜೋಮು ಹಿಡಿಯುತ್ತಾ ಅಂತ? ಇವತ್ತಿಂದ ಈ ಮಾತ್ರೆ ಬಂದ್. ಮುಂದುವರಿಸಿದ್ರೆ ನರ ಪೂರ್ತಿ ಹೋಗುತ್ತೆ. ಇಂಜೆಕ್ಷನ್ ಶುರು ಮಾಡೋಣ, ಹಿಡಿಯೋಕೆ ವಾರಗಳು ಬೇಕು. ಹಿಡಿಯಲಿಲ್ಲ ಅಂದ್ರೆ... ಚೀಲ."

"ಸ್ಪರ್ಶ ವಾಪಸ್ ಬರುತ್ತಾ?"

"ಸಾಮಾನ್ಯವಾಗಿ ಬರುತ್ತೆ, ತಿಂಗಳುಗಳು ಹಿಡಿಯುತ್ತೆ. ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ."

ನಾಲ್ಕನೆಯ ದಿನಕ್ಕೆ ನರಕ ಶುರುವಾಯಿತು. ಹನ್ನೊಂದು ಸಲ, ಹದಿನಾಲ್ಕು, ಹದಿನೇಳು. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ. ಡಾಕ್ಟರಮ್ಮ ದಿನ ಬಿಟ್ಟು ದಿನ ಡ್ರಿಪ್ ಹಾಕಿಸಿದರು. ಚರ್ಮ ಸುಲಿದು ಕೂರಲಾಗದು. ಅಕ್ಕ ದಿನಕ್ಕೆ ಮೂರು ಸಲ ಹಾಸಿಗೆಯ ಬಟ್ಟೆ ಬದಲಿಸಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದಳು.

ಅವನು ದಿನವೂ ಬರುತ್ತಿದ್ದ. ಉಪ್ಪು-ಸಕ್ಕರೆ ನೀರು ಚಮಚದಲ್ಲಿ ಕುಡಿಸುತ್ತಿದ್ದ.

"ಹೋಗು. ವಾಸನೆ ಬರುತ್ತೆ," ಅನ್ನುತ್ತಿದ್ದಳು.

"ನಂಗೆ ನೆಗಡಿ."

ಹದಿಮೂರನೆಯ ದಿನ ಮಧ್ಯಾಹ್ನ ಅವನು ಚಮಚ ಮುಟ್ಟಲಿಲ್ಲ. ಜೇಬಿನಿಂದ ಏನನ್ನೋ ತೆಗೆದು ಅಂಗೈ ಚಾಚಿದ.

ಬಿಳಿ ಮಾತ್ರೆ!

"ಹಳೇ ಚೀಟಿ ತೋರಿಸಿ ತಂದೆ."

"ನಿಲ್ಲಿಸು ಅಂದೋನು ನೀನೇ..."

"ಅಂದೆ! ಏನೂ ಗೊತ್ತಿಲ್ಲದೆ ಅಂದೆ!" ಅವನ ದನಿ ಒಡೆಯಿತು. "ಇನ್ನು ನನ್ನ ಕೈಲಿ ನೋಡೋಕಾಗಲ್ಲ ಕಣೇ. ಹೋದ್ರೆ ಹೋಗ್ಲಿ ನಿನ್ನ ಬೆರಳು. ನಂಗೆ ಹತ್ತು ಬೆರಳು ಇವೆಯಲ್ಲ. ಎಳೆ ನಾನು ನೋಡ್ತೀನಿ, ಅಂಟು ನಾನು ಹಚ್ತೀನಿ, ಹೆಸರು ನಿನ್ನದೇ ಇರ್ಲಿ. ಯಾರಿಗೂ ಗೊತ್ತಾಗಲ್ಲ. ನನ್ನ ಮದುವೆ ಆಗು. ನೀನು ಚೆನ್ನಾಗಿದ್ರೆ ಸಾಕು ನಂಗೆ."

"ಹೀಗಾ ಕೇಳೋದು? ಮಾತ್ರೆ ಹಿಡ್ಕೊಂಡು?"

"ಹೂವು ತರೋಣ ಅಂತ ಹೊರಟೆ. ಔಷಧಿ ಅಂಗಡಿ ಮೊದಲು ಸಿಕ್ತು."

ಅವಳು ಮಾತ್ರೆಯನ್ನೇ ನೋಡಿದಳು. ನುಂಗಿದರೆ ನಾಡಿದ್ದಿಗೆ ಜ್ವರ ಇಳಿಯುತ್ತದೆ. ನಿದ್ದೆ ಬರುತ್ತದೆ. ಬಾಯಿಗೆ ಆಗಲೇ ಕಬ್ಬಿಣದ ರುಚಿ ಬಂದಿತ್ತು. ಅದೂ ಈಗ ಸಿಹಿಯೆನಿಸಿತು!

ಕೈ ಚಾಚಿದಳು. ಆದರೆ ಕೈ ಮಾತ್ರೆಯ ಕಡೆ ಹೋಗಲಿಲ್ಲ, ಅವನ ಕೆನ್ನೆಗೆ ಹೋಯಿತು. ಕಣ್ಣು ಮುಚ್ಚಿ, ಬೆರಳತುದಿಯಿಂದ ನಿಧಾನವಾಗಿ ಸವರಿದಳು.

"ಇವತ್ತು ಶೇವ್ ಮಾಡಿದ್ದೀಯಾ?"

"...ಮಾಡಿ ನಾಲ್ಕು ದಿನ ಆಯ್ತು."

ಇನ್ನೊಮ್ಮೆ ಸವರಿದಳು. ಗಡ್ಡ ಉಜ್ಜುವ ಸದ್ದು ಕಿವಿಗೆ ಕೇಳಿತು. ಬೆರಳಿಗೆ ಏನೂ ಇಲ್ಲ... ಅವಳ ಕಣ್ಣಂಚಿನಿಂದ ನೀರು ಕಿವಿಯೊಳಗೆ ಇಳಿಯಿತು.

"ಚೀಲ ಬರಬಹುದು," ಎಂದಳು.

"ಬರ್ಲಿ."

"ಬೆರಳೂ ವಾಪಸ್ ಬರದೇ ಇರಬಹುದು."

"ಗೊತ್ತು."

"ಮದುವೆಗೆ ಹೂಂ ಅಂದೆ ಅಂತ ಅಕ್ಕನಿಗೆ ಹೇಳು. ಅಡುಗೆಮನೇಲಿ ಅಳ್ತಿದ್ದಾಳೆ."

ಅವನಿಂದ ಏಳಲಾಗಲಿಲ್ಲ. ಹಾಸಿಗೆಯ ಅಂಚಿಗೆ ಹಣೆಯಿಟ್ಟು ಬಿಕ್ಕಿದ. ಅಷ್ಟರಲ್ಲಿ ಅವಳ ಹೊಟ್ಟೆ ಮತ್ತೆ ಹಿಂಡಿತು. ಮೊಣಕಾಲು ಎದೆಗೆಳೆದುಕೊಂಡು ಹಲ್ಲು ಕಚ್ಚಿದಳು. ಅವನು ಗಾಬರಿಯಿಂದ ಅಂಗೈಯನ್ನು ಅವಳ ತುಟಿಯತನಕ ತಂದ.

"ಒಂದೇ ಒಂದು... ಇವತ್ತು ಮಾತ್ರ. ನನಗೋಸ್ಕರ, ಪ್ಲೀಸ್."

"ತಗೊಳ್ಳಲ್ಲ," ಎಂದಳು ಅವಳು.