ಎಂಟು ವಾರದ ಕ್ಯಾಮ್‌ಶಾಫ್ಟ್

ಮಗಳ ಯೂನಿಫಾರ್ಮಿನ ಒಂದು ತೋಳಿಗೆ ಇಸ್ತ್ರಿ ಆಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಅಷ್ಟರಲ್ಲಿ ಮನೆಯ ಮುಂಭಾಗದ ಅಂಗಡಿಯ ಶಟರನ್ನು ಯಾರೋ ಮೆಲ್ಲಗೆ ಎರಡು ಸಲ ತಟ್ಟಿದರು. ಹಾಗೆ ತಟ್ಟುವವನು ಊರಿಗೆಲ್ಲ ಒಬ್ಬನೇ. ಕೂದಲು ಸರಿಮಾಡಿಕೊಳ್ಳಬಾರದು ಅಂದುಕೊಂಡೇ ಅವಳು ಸರಿಮಾಡಿಕೊಂಡಳು.

ಎಂಜಿನ್ ಬಿಡಿಭಾಗಗಳ ಆ ಅಂಗಡಿ ಅತ್ತೆಯದು. ಮಗ ತೀರಿಹೋದ ವರ್ಷ ಸೊಸೆಯ ಕೈಗೆ ಬಿಡಿಭಾಗದ ದಪ್ಪ ನೋಡುವ ಮೈಕ್ರೋಮೀಟರ್ ಕೊಟ್ಟು, "ಅಳೋದು ಇದ್ದೇ ಇದೆ, ಮೊದಲು ಕೆಲಸ ಕಲಿ" ಎಂದಿದ್ದಳು. ಈಗ ಅತ್ತೆಗೆ ಕಣ್ಣು ಕಾಣುವುದಿಲ್ಲ. ಒಳಕೋಣೆ, ಸೊಸೆಯ ದನಿ, ಅಷ್ಟೇ ಅವಳ ಲೋಕ.

"ಇವತ್ತಾದ್ರೂ ತಗೋತೀರಾ?" ಶಟರ್ ಎತ್ತುತ್ತಾ ಕೇಳಿದಳು. "ಒಂದು ಕ್ಯಾಮ್‌ಶಾಫ್ಟಿಗೆ ಎಂಟು ವಾರ. ಬಟ್ಟೆ ಅಂಗಡೀಲೂ ಯಾರೂ ಇಷ್ಟು ಸತಾಯಿಸಲ್ಲ."

"ಬಟ್ಟೆ ಅಂಗಡೀಲಿ ನೀವಿರಲ್ವಲ್ಲ," ಎಂದ ಮೆಕ್ಯಾನಿಕ್. ಹೇಳಿದ ಮೇಲೆ ತಾನೇ ನಾಚಿ, ಕೌಂಟರಿನ ಗಾಜನ್ನು ತೋಳಿನಿಂದ ಒರೆಸತೊಡಗಿದ.

ಅವಳು ಎರಡು ಕ್ಯಾಮ್‌ಶಾಫ್ಟ್‌ಗಳನ್ನೂ, ಎಂಜಿನ್ನಿನ ಎಳೆತ ನಿರ್ಧರಿಸುವ ಆ ದಂಡಗಳನ್ನು, ಎದುರಿಗಿಟ್ಟಳು. ಒಂದು ರೇಸಿನದು. ಎಂಜಿನ್ ಕಿರುಚುವಷ್ಟು ಓಡಿಸಿದರೆ ಮಾತ್ರ ಶಕ್ತಿ ಕೊಡುತ್ತದೆ, ಒಬ್ಬನೇ ಹಗುರಾಗಿ ಹೋಗುವವನಿಗೆ ಸರಿ. ಇನ್ನೊಂದು ನಿಧಾನದಲ್ಲೇ ಎಳೆಯುತ್ತದೆ, ಭಾರ ಹೊತ್ತು ಏರು ಹತ್ತುವವನಿಗೆ. ಅವನು ಪ್ರತಿ ವಾರ ಮೊದಲನೆಯದನ್ನೇ ಕೇಳುತ್ತಿದ್ದ. "ಜೀವದ ಮೇಲೆ ಆಸೆ ಇಲ್ವಾ?" ಎಂದು ಅವಳು ಅದನ್ನು ಮತ್ತೆ ಕಪಾಟಿಗೆ ಸೇರಿಸುತ್ತಿದ್ದಳು. ಎರಡನೆಯದನ್ನೂ ಕೊಳ್ಳದೆ ಅವನು ಮುಂದಿನ ವಾರ ಮತ್ತೆ ಬರುತ್ತಿದ್ದ.

"ಸೋಮವಾರ ಹೊರಡ್ತೀನಿ," ಎಂದ. "ಬೆಟ್ಟದ ಆಚೆ ಕೆಲಸ ಸಿಕ್ಕಿದೆ. ಮತ್ತೆ ಈ ಕಡೆ ಬರೋದು ಇಲ್ಲ ಅನ್ನಿಸುತ್ತೆ."

ಅವಳು ಬಿಲ್ ಪುಸ್ತಕ ತೆರೆದಳು. ಎಲ್ಲ ಗಿರಾಕಿಗಳನ್ನೂ ಕೇಳುವ ಮಾತೇ ಹೊರಬಂತು. "ಬೈಕ್ ಮೇಲೆ ಲೋಡ್ ಎಷ್ಟಿರುತ್ತೆ?"

"ಅದನ್ನ ನೀವೇ ಹೇಳ್ಬೇಕು." ಅವನು ಮೊದಲ ಸಲ ಅವಳ ಕಣ್ಣನ್ನೇ ನೋಡಿದ. "ನಾನೊಬ್ಬನೇನಾ? ಇಲ್ಲಾ ಹಿಂದೆ ನೀವು, ಮಧ್ಯೆ ಪುಟ್ಟೀನಾ?"

ಗಾಜಿನ ಮೇಲೆ ಇಬ್ಬರ ಕೈಗಳ ನಡುವೆ ನಾಲ್ಕು ಬೆರಳಿನ ಅಂತರವಿತ್ತು. ಅವಳ ಕೈ ಎರಡನೆಯ ಕ್ಯಾಮಿನ ಕಡೆಗೆ ಸರಿಯಿತು.

"ಯಾರಮ್ಮಾ ಬಂದಿರೋದು?" ಒಳಗಿಂದ ಅತ್ತೆ ಕೇಳಿದಳು.

"ಗಿರಾಕಿ, ಅತ್ತೆ."

ಆ ಪದ ಅವನಿಗೆ ತಾಗಿತು. ಆದರೂ ದನಿ ತಗ್ಗಿಸಿ, "ಅವರೂ ಬರಲಿ," ಎಂದ.

"ಬರಲ್ಲ. ಈ ಗೋಡೆಗಳನ್ನ ಹಿಡ್ಕೊಂಡೇ ಅವರು ನಡೆಯೋದು. ಬೇರೆ ಮನೇಲಿ ನೀರಿನ ಲೋಟ ಎಲ್ಲಿದೆ ಅಂತ ಕೂಡ ಗೊತ್ತಾಗಲ್ಲ."

ಅವಳು ರೇಸಿನ ಕ್ಯಾಮನ್ನು ಎಣ್ಣೆಕಾಗದದಲ್ಲಿ ಸುತ್ತಿ ಅವನೆಡೆಗೆ ತಳ್ಳಿದಳು. "ಇದೇ ಇರಲಿ. ನಿಧಾನ ಓಡಿಸಿ."

ಅವನು ಪೊಟ್ಟಣವನ್ನು ಮುಟ್ಟಲಿಲ್ಲ. ಅವಳ ಬೆರಳು ಅದರ ಮೇಲಿಂದ ಸರಿಯಲೆಂದು ಕಾದ. ಬೆರಳು ಬೇಗ ಸರಿಯಲಿಲ್ಲ.

ಅರೆ ಇಸ್ತ್ರಿಯ ಯೂನಿಫಾರ್ಮನ್ನೇ ತೊಟ್ಟು ಶೂ ಲೇಸ್ ಕಟ್ಟಿಸಿಕೊಳ್ಳಲು ಬಂದ ಮಗಳು ಕೌಂಟರಿನ ಪಕ್ಕ ನಿಂತಿದ್ದಳು. ಈ ಅಂಗಡಿಯ ಮಾತುಗಳ ನಡುವೆಯೇ ಬೆಳೆದ ಮಗು ಅದು. ಎಂಟು ವಾರದಿಂದ ಒಂದು ಆಸೆಯನ್ನು ಬಾಯಲ್ಲೇ ಇಟ್ಟುಕೊಂಡಿತ್ತು. ಪೊಟ್ಟಣವನ್ನು ನೋಡಿತು, ಅವನನ್ನು ನೋಡಿತು, ಆಮೇಲೆ ತಾಯಿಯ ಮುಖ ನೋಡಿತು.

"ಅಮ್ಮಾ, ಅದು ಒಬ್ಬರೇ ಹೋಗೋರಿಗಲ್ವಾ? ನಾವು ಮಾಮನ ಜೊತೆ ಹೋಗಲ್ವಾ?"