ಗೂಬೆಗೆಂದು ಕೊಂಡ ಚಾಕು

ಆ ಬೆಳಿಗ್ಗೆ ಮೋಡ ಕವಿದಿತ್ತು, ಆದರೆ ಮಳೆಯ ಸುಳಿವಿರಲಿಲ್ಲ. ಗಾಳಿ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದಾಡುತ್ತಿತ್ತು. ಅಂಗಡಿಗಳ ತಗಡಿನ ಬೋರ್ಡುಗಳು ಹಲ್ಲು ಕಡಿಯುತ್ತಿದ್ದವು. ಡ್ರಾಯಿಂಗ್ ಮೇಷ್ಟ್ರು ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು, ಒಂದು ಚಾಕು ಕೊಳ್ಳಲು ಪೇಟೆಯತ್ತ ನಡೆಯುತ್ತಿದ್ದರು. ಕಾಲಡಿಯ ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಮೂವತ್ತೊಂದು ವರ್ಷ ಮಕ್ಕಳಿಗೆ ‘ಕಣ್ಣಾರೆ ಕಂಡದ್ದನ್ನೇ ಬರೀರಿ, ನಕಲು ಮಾಡಬೇಡಿ’ ಎಂದು ಹೇಳಿ ಹೇಳಿ ಗಂಟಲು ಸವೆಸಿಕೊಂಡವರು. ಅಂಥವರಿಗೆ ಚಾಕು ಯಾಕೆ ಬೇಕಾಯಿತು ಎಂದರೆ, ಎಲ್ಲಕ್ಕೂ ಕಾರಣ ಒಂದು ಗೂಬೆ.

ಮೇಷ್ಟ್ರು ಬರೆದ ಗೂಬೆಯ ಚಿತ್ರಕ್ಕೆ ಊರಿನ ಚಿತ್ರಸ್ಪರ್ಧೆಯಲ್ಲಿ ಆ ವರ್ಷದ ಮೊದಲ ಬಹುಮಾನ ಬಂದಿತ್ತು. ಅದನ್ನು ಪುರಭವನದ ಬಾಗಿಲಿಗೆ ಎದುರಾಗಿ ತೂಗುಹಾಕಿ, ಕೆಳಗೆ ಅವರ ಹೆಸರಿನ ಹಿತ್ತಾಳೆಯ ಫಲಕ ಬಡಿಯುವುದೆಂದು ತೀರ್ಮಾನವೂ ಆಗಿತ್ತು. ಒಣಗಿದ ಮರವೊಂದರ ಕೆಳಗೆ ಹನ್ನೊಂದು ರಾತ್ರಿ ಕೂತು ಆ ಗೂಬೆಯನ್ನು ನೋಡಿದೆ, ಸೊಳ್ಳೆಗಳು ನನ್ನನ್ನು ಜರಡಿ ಮಾಡಿದವು ಎಂದು ಮೇಷ್ಟ್ರು ಪತ್ರಿಕೆಯವರಿಗೆ ಹೇಳಿದ್ದರು. ಸೊಳ್ಳೆಯ ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. ಅದು ಬಂದಮೇಲೆ ಅವರಿಗೇ ಕತೆಯ ಮೇಲೆ ನಂಬಿಕೆ ಹುಟ್ಟಿತು. ಗೂಬೆಯನ್ನು ಕಂಡದ್ದು ನಿಜ. ಹನ್ನೊಂದು ಸಲ ಕಂಡದ್ದೂ ನಿಜ. ಆದರೆ ಕಂಡದ್ದು ಹಗಲಿನಲ್ಲಿ, ಊರಿನ ಲೈಬ್ರರಿಯ ಮೂಲೆಯ ಮೇಜಿನಲ್ಲಿ, ಫ್ಯಾನಿನ ಕೆಳಗೆ, ಯಾರೂ ಮುಟ್ಟದ ಒಂದು ಹಳೆಯ ಹಕ್ಕಿ ಪುಸ್ತಕದಲ್ಲಿ.

ಇಷ್ಟಕ್ಕೇ ನಿಂತಿದ್ದರೆ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ಶಾಲೆಯ ಸ್ಟಾಫ್ ರೂಮಿನಲ್ಲಿ ಸೈನ್ಸ್ ಮೇಷ್ಟ್ರು ಎಂಬೊಬ್ಬರಿದ್ದರು.

“ರೀ ಮೇಷ್ಟ್ರೇ, ನಿಮ್ಮ ಗೂಬೆ ಕಾಲಲ್ಲಿ ಏನೋ ಎಡವಟ್ಟಾಗಿದೆಯಲ್ರೀ,” ಎಂದಿದ್ದರು ಅವರು, ಪೇಪರಿನಲ್ಲಿ ಅಚ್ಚಾದ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು.

“ಏನು ಎಡವಟ್ಟು?”

“ಕೊಂಬೆ ಮೇಲೆ ಕೂತ ಗೂಬೆ ಸಾಮಾನ್ಯವಾಗಿ ಎರಡು ಬೆರಳು ಮುಂದೆ, ಎರಡು ಹಿಂದೆ ಇಟ್ಕೊಳ್ಳುತ್ತೆ. ನಿಮ್ಮದು ಮೂರು ಮುಂದೆ ಇಟ್ಟಿದೆ, ಕಾಗೆ ಥರ.”

“ನಾನು ಕಣ್ಣಾರೆ ನೋಡಿದ ಗೂಬೆ ಅದು.”

“ಹಾಗಾದ್ರೆ ನೀವು ನೋಡಿದ್ದು ಕಾಗೇನೇ ಇರಬೇಕು ಬಿಡಿ. ಇದೇ ತಪ್ಪನ್ನ ಯಾವುದೋ ಹಳೇ ಪುಸ್ತಕದಲ್ಲಿ ನೋಡಿದ ನೆನಪು ಕಣ್ರೀ. ನಮ್ಮ ಲೈಬ್ರರೀಲೇ ಇರಬೇಕು. ಈ ಪರೀಕ್ಷೆ ಪೇಪರ್‌ಗಳದ್ದೊಂದು ಕಾಟ ಮುಗೀಲಿ, ಹೋಗಿ ಹುಡುಕ್ತೀನಿ.”

ಸೈನ್ಸ್ ಮೇಷ್ಟ್ರು ಪೇಪರು ತಿದ್ದಿ ಮುಗಿಸಲು ಒಂದು ತಿಂಗಳು ಬೇಕು. ಅಷ್ಟರೊಳಗೆ ಏನಾದರೂ ಮಾಡಬೇಕು. ಹಿತ್ತಾಳೆಯ ಫಲಕ ಉಳಿಯಬೇಕು, ಮೂವತ್ತೊಂದು ವರ್ಷದ ಮರ್ಯಾದೆಯೂ ಉಳಿಯಬೇಕು.

ಡ್ರಾಯಿಂಗ್ ಮೇಷ್ಟ್ರು ಕೂತು ಯೋಚಿಸಿದರು. ಪುಸ್ತಕವನ್ನೇ ಹೊತ್ತು ತರುವುದು ಆಗದ ಮಾತು. ಅದು ಮನೆಗೆ ಕೊಡುವ ಪುಸ್ತಕವಲ್ಲ, ಮೇಲಾಗಿ ಒರಳುಕಲ್ಲಿನಷ್ಟು ಭಾರ. ಪುಸ್ತಕ ಅಲ್ಲೇ ಇರಲಿ, ಗೂಬೆಯೊಂದು ಹಾರಿಹೋದರೆ ಸಾಕು. ಚಿತ್ರದ ಹಾಳೆಗಳಿಗೆ ಅಂಕಿ ಹಾಕಿರಲಿಲ್ಲ. ಕೊನೆಯಲ್ಲಿ ಚಿತ್ರಗಳ ಪಟ್ಟಿಯೂ ಇರಲಿಲ್ಲ. ಅದನ್ನು ಅವರು ಎರಡು ಸಲ ಹೋಗಿ ನೋಡಿ ಬಂದಿದ್ದರು. ಹಾಳೆಯೊಂದು ಹೋದರೆ ಹೋಯಿತೆಂದು ಹೇಳುವವರೇ ಇಲ್ಲ. ಸೈನ್ಸ್ ಮೇಷ್ಟ್ರು ಬಂದು ಮೊದಲಿನಿಂದ ಕೊನೆಯವರೆಗೆ ಮಗುಚಿ ಹಾಕಿ, ಕೊಕ್ಕರೆ, ಕೋಗಿಲೆ ಎಲ್ಲ ನೋಡಿ, ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಹೋಗುವ ದೃಶ್ಯ ಮೇಷ್ಟ್ರ ಕಣ್ಣ ಮುಂದೆ ಬಣ್ಣದಲ್ಲೇ ಮೂಡಿತು. ಇದು ಮಾತ್ರ ಅವರ ಸ್ವಂತ ಕಲ್ಪನೆಯ ಚಿತ್ರ.

ಹಾಳೆ ಹರಿಯುವಂತಿಲ್ಲ, ಸದ್ದಾಗುತ್ತದೆ. ಕ್ಷೌರದ ಬ್ಲೇಡು ಬಾಗುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಮೇಲಾಗಿ ಬರೀ ಬ್ಲೇಡು ಜೇಬಿನಲ್ಲಿ ಸಿಕ್ಕರೆ ಅದಕ್ಕೊಂದು ಸಮಜಾಯಿಷಿ ಕೊಡಬೇಕು. ಅಂಚೆ ಕಚೇರಿಯವರು ಪಾರ್ಸೆಲ್ ಬಿಚ್ಚುವ ಕಟರ್ ಹೊರಗೆ ತಳ್ಳುವಾಗ ಕಟಕಟ ಎನ್ನುತ್ತದೆ. ಬೇಕಾದದ್ದು ಜೇಬಿನಲ್ಲಿ ಮಡಚಿಟ್ಟುಕೊಳ್ಳುವ ಪುಟ್ಟ ಚಾಕು. ದಿನವೂ ಜೊತೆಗಿದ್ದು, ದಿನವೂ ಎಲ್ಲರ ಕಣ್ಣಿಗೆ ಬಿದ್ದು, ಕೊನೆಗೆ ಯಾರ ಕಣ್ಣಿಗೂ ಬೀಳದಂತಾಗುವ ಚಾಕು.

ಚಾಕುವಿನ ಅಂಗಡಿಯವನು ಗಾಜಿನ ಪೆಟ್ಟಿಗೆ ತೆರೆದು ಕೇಳಿದ, “ಯಾವುದಕ್ಕೆ ಬೇಕು ಸರ್? ಹಣ್ಣು ಹೆಚ್ಚೋಕಾ, ಹಗ್ಗ ಕೊಯ್ಯೋಕಾ, ಸುಮ್ನೆ ಹೆದರಿಸೋಕಾ?”

“ಪೆನ್ಸಿಲ್ ಹೆರೆಯೋಕೆ.”

ಮೊದಲು ತೋರಿಸಿದ್ದು ಗುಂಡಿ ಒತ್ತಿದರೆ ಹಾರಿ ನಿಲ್ಲುವ ಚಾಕು. ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು. ಎರಡನೆಯದಕ್ಕೆ ಏಳು ಅಲಗು, ಒಂದು ಕತ್ತರಿ, ಒಂದು ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ. ಅದು ಜೇಬಿನಲ್ಲಿದ್ದರೆ ಪ್ಯಾಂಟು ಒಂದು ಕಡೆ ಜಗ್ಗುತ್ತಿತ್ತು. ಮೂರನೆಯದು ಮಡಚುವಾಗ ‘ಟಪ್’ ಎಂದಿತು. ಮೇಷ್ಟ್ರು ಅದನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಮಡಚಿದರು.

“ಅದೇನು ಸರ್, ರೇಡಿಯೋನಾ ಕೇಳೋಕೆ?”

“ಸದ್ದಾದ್ರೆ ಕ್ಲಾಸಿನಲ್ಲಿ ಮಕ್ಕಳ ಗಮನ ಹೋಗುತ್ತಪ್ಪ.”

“ಮಗಳಿಗೆ ಗಂಡು ಹುಡುಕೋರೂ ಇಷ್ಟು ಪರೀಕ್ಷೆ ಮಾಡಲ್ಲ,” ಎಂದು ಗೊಣಗುತ್ತ ಅಂಗಡಿಯವನು ಒಳಗಿನ ಖಾನೆಯಿಂದ ಒಂದನ್ನು ತೆಗೆದ.

ಮರದ ಹಿಡಿ, ಹೊಳಪಿಲ್ಲ. ಮಡಚಿದರೆ ಅಂಗೈಯೊಳಗೆ ಮುಚ್ಚಿಹೋಗುವಷ್ಟು. ಅಲಗು ತೋರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಅಂಚು ನೇರ, ತುದಿ ಚೂಪು. ಹೆಬ್ಬೆರಳಿನಿಂದ ಮೀಟಿದರೆ ಮಾತಿಲ್ಲದೆ ತೆರೆದುಕೊಂಡಿತು. ಒಳಗಿನ ಸಣ್ಣ ತಗಡೊಂದು ಅಡ್ಡ ಬಂದು, ಬೆರಳ ಮೇಲೆ ಮಡಚಿ ಬೀಳದಂತೆ ಹಿಡಿದು ನಿಂತಿತು. ಮೇಷ್ಟ್ರು ಜೇಬಿನಲ್ಲಿದ್ದ ಬಸ್ ಟಿಕೆಟನ್ನು ಅದರ ಅಂಚಿಗೆ ತಾಗಿಸಿದರು. ಟಿಕೆಟು ಎರಡಾಯಿತು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಿಡಿಗೆ ಜೇಬಿನಂಚಿಗೆ ಸಿಕ್ಕಿಸುವ ಕ್ಲಿಪ್ಪೊಂದಿತ್ತು. ಅದು ಹೊರಗೆ ಇಣುಕುತ್ತದೆಂದು ಅಲ್ಲೇ ತೆಗೆಸಿಹಾಕಿದರು.

ಮುಂದಿನ ಮೂರು ವಾರ ಮೇಷ್ಟ್ರು ಕಂಡಕಂಡಲ್ಲಿ ಪೆನ್ಸಿಲ್ ಹೆರೆದರು. ಕ್ಲಾಸಿನಲ್ಲಿ, ಬಸ್ ಸ್ಟಾಪಿನಲ್ಲಿ, ಸ್ಟಾಫ್ ರೂಮಿನಲ್ಲಿ ಸೈನ್ಸ್ ಮೇಷ್ಟ್ರ ಮೂಗಿನ ಕೆಳಗೇ. ಅವರ ಕೆಂಪು ಪೆನ್ಸಿಲನ್ನೂ ಹೆರೆದುಕೊಟ್ಟರು. “ಥ್ಯಾಂಕ್ಸ್ ಕಣ್ರೀ, ಇನ್ನು ಬೇಗ ಬೇಗ ತಿದ್ದಬಹುದು,” ಎಂದರು ಸೈನ್ಸ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಿಗೆ ತಾವು ಮಾಡಿದ್ದೇನೆಂದು ಆಮೇಲೆ ಹೊಳೆಯಿತು.

ಮನೆಯಲ್ಲಿ ಹೆಂಡತಿ ಡಬ್ಬಿಯತ್ತ ಕೈ ತೋರಿಸಿದರು. “ಏನ್ರೀ ಇದು, ಅರವತ್ತು ಪೆನ್ಸಿಲ್ ಈಟಿ ಥರ ನಿಂತಿವೆ. ಯಾರ ಮೇಲೆ ಯುದ್ಧ?”

“ಕಲೆಗೆ ಸಿದ್ಧತೆ ಬೇಕು ಕಣೇ.”

“ಸಿದ್ಧತೆ ಆಮೇಲೆ ಮಾಡ್ಕೊಳ್ಳಿ. ಆ ಚಾಕು ಕೊಡಿ ಇಲ್ಲಿ, ಹಾಲಿನ ಪ್ಯಾಕೆಟ್ ಕತ್ತರಿಸಬೇಕು.”

ಮೇಷ್ಟ್ರು ಚಾಕುವನ್ನು ಎದೆಗೆ ಒತ್ತಿ ಹಿಡಿದುಕೊಂಡ ರೀತಿ ನೋಡಿ ಆಕೆ ಹಲ್ಲಿನಿಂದಲೇ ಪ್ಯಾಕೆಟ್ ಹರಿದುಕೊಂಡರು. ಆಕೆ ಗುಡ್ಡೆ ಹಾಕಿದ್ದ, ಬೆನ್ನಿಗೆ ಅಂಟು ಹಾಕಿದ ಹಳೆಯ ಮಾಸಪತ್ರಿಕೆಗಳಲ್ಲಿ ಅಡುಗೆಯ ಪುಟಗಳು ಒಂದೊಂದಾಗಿ ಮಾಯವಾಗುತ್ತಿದ್ದುದು ಮಾತ್ರ ಆಕೆಗೆ ತಿಳಿಯಲಿಲ್ಲ. ಮೇಷ್ಟ್ರು ಬಚ್ಚಲ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಮೊದಮೊದಲು ಬೆನ್ನಿನ ಹತ್ತಿರ ಕಾಗದದ ಒಂದು ಪಟ್ಟಿ ಉಳಿದುಬಿಡುತ್ತಿತ್ತು. ಉಗುರಿನಷ್ಟು ಉಳಿದರೂ ಅದು ಕಳ್ಳನ ಸಹಿ. ನೋಡಿದವನು ಇಲ್ಲೊಂದು ಹಾಳೆ ಇತ್ತು ಎಂದುಬಿಡುತ್ತಾನೆ. ಆದ್ದರಿಂದ ಅಲಗನ್ನು ಇನ್ನೂ ಆಳಕ್ಕೆ, ಎರಡು ಹಾಳೆ ಕೂಡುವ ಸಂದಿನ ತಳಕ್ಕೆ ಇಳಿಸಬೇಕು. ಮೂರನೆಯ ವಾರಕ್ಕೆ ಕೂದಲೆಳೆಯೂ ಉಳಿಯದಂತೆ ಕತ್ತರಿಸುವ ಕೈ ಸಿದ್ಧಿಸಿತು. ಇಷ್ಟು ಸಾಧನೆಯನ್ನು ಪಕ್ಷಿಗಳ ಮೇಲೆ ಮಾಡಿದ್ದರೆ ಒಂದು ಗೂಬೆಯನ್ನು ಸ್ವಂತವಾಗಿಯೇ ಬರೆಯಬಹುದಿತ್ತು ಎಂಬ ಯೋಚನೆ ಅವರ ಹತ್ತಿರಕ್ಕೂ ಸುಳಿಯಲಿಲ್ಲ.

ಲೈಬ್ರರಿಯ ಬಾಗಿಲಲ್ಲಿ ಕಾವಲಿನವನೊಬ್ಬನಿದ್ದ. ದಿನವೂ ಅವನದು ಒಂದೇ ತಮಾಷೆ.

“ಬನ್ನಿ ಮೇಷ್ಟ್ರೇ. ಆಯುಧ ಗೀಯುಧ ಏನಾದ್ರೂ ಇದೆಯಾ?”

“ಇದೆಯಲ್ಲಪ್ಪ, ನೋಡು,” ಎಂದು ಮೇಷ್ಟ್ರು ಚಾಕು ತೋರಿಸುವರು. ಅವನ ರಿಜಿಸ್ಟರಿನ ಮೊಂಡು ಪೆನ್ಸಿಲ್ ಹೆರೆದುಕೊಡುವರು. ಅವನು ಬೊಚ್ಚುಬಾಯಿ ಬಿಟ್ಟು ನಗುವನು. ಒಳಗೆ ಎಲ್ಲರೂ ಲೈಬ್ರರಿಯಮ್ಮ ಎಂದೇ ಕರೆಯುವ ಮಧ್ಯವಯಸ್ಸಿನ ಹೆಂಗಸು, ಕನ್ನಡಕದ ಮೇಲಿಂದ ಒಮ್ಮೆ ನೋಡಿ ತಲೆ ಬಗ್ಗಿಸುವಳು. ಅವಳ ಪಾಲಿಗೆ ಮೇಷ್ಟ್ರು ಆ ಕೋಣೆಯ ಇನ್ನೊಂದು ಕುರ್ಚಿ.

ಗೊತ್ತುಮಾಡಿದ ದಿನ ಮೇಷ್ಟ್ರು ಬೇಗ ಮಿಂದು ದೇವರ ಮುಂದೆ ಕಣ್ಣು ಮುಚ್ಚಿ ನಿಂತರು. ಕೈ ನಡುಗದಿರಲಿ ಎಂದು ಬೇಡಿಕೊಂಡರು. ಕ್ಷಮೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎರಡೆರಡು ಬೇಡಿಕೆ ಒಟ್ಟಿಗೆ ಇಡುವುದು ಸರಿಯಲ್ಲವೆಂದು ಅದನ್ನು ಮುಂದಿನ ವಾರಕ್ಕೆ ಹಾಕಿಕೊಂಡರು. ದೇವರು ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟ.

ಮೂಲೆಯ ಮೇಜು. ತಲೆಯ ಮೇಲೆ ಕಿರುಗುಟ್ಟುವ ಅದೇ ಫ್ಯಾನು. ಪುಸ್ತಕ ಮಲಗಿದ್ದಂತೆಯೇ ತೆರೆದುಕೊಂಡಿತು. ಗೂಬೆ ತನ್ನ ಮೂರು ಬೆರಳನ್ನು ಮುಂದಿಟ್ಟುಕೊಂಡು, ‘ಬಾ ಮಹಾರಾಯ’ ಎನ್ನುವಂತೆ ಕಣ್ಣರಳಿಸಿ ಕೂತಿತ್ತು. ಆಚೆ ಮೇಜಿನ ಮುದುಕರೊಬ್ಬರು ಪತ್ರಿಕೆ ಮಗುಚುವವರೆಗೆ ಮೇಷ್ಟ್ರು ಕಾದರು. ಪತ್ರಿಕೆ ಸರಬರ ಎಂದಾಗ ಮೇಲಿಂದ ಅರ್ಧಕ್ಕೆ ಒಂದು ಗೀರು. ಮುದುಕರು ಕೆಮ್ಮಿದಾಗ ಅರ್ಧದಿಂದ ಕೆಳಕ್ಕೆ ಇನ್ನೊಂದು. ಅಷ್ಟೆ. ಗೂಬೆ ಕೈಗೆ ಬಂತು. ಸಂದಿನಲ್ಲಿ ಬೆರಳಾಡಿಸಿ ನೋಡಿದರು. ಏನೂ ತಾಗಲಿಲ್ಲ, ಎಂದೂ ಏನೂ ಇರಲಿಲ್ಲವೆನ್ನುವಷ್ಟು ನುಣುಪು. ಹಾಳೆಯನ್ನು ಅಂಗಿಯೊಳಗೆ, ಬನಿಯನ್ನಿನ ಮೇಲೆ ಮಟ್ಟಸವಾಗಿ ಇಳಿಸಿದರು. ಚಾಕು ಮಾತಿಲ್ಲದೆ ಮಡಚಿಕೊಂಡಿತು. ಸಂಪ್ರದಾಯ ತಪ್ಪಬಾರದೆಂದು ಅದನ್ನೇ ಮತ್ತೆ ತೆರೆದು ಒಂದು ಪೆನ್ಸಿಲನ್ನೂ ಹೆರೆದರು.

ಹೊರಗೆ ಹೊರಡುವಾಗ ಎದೆಯ ಮೇಲೆ ಗೂಬೆ ತಣ್ಣಗಿತ್ತು. ಮನಸ್ಸು ಅದಕ್ಕಿಂತ ತಣ್ಣಗಿತ್ತು. ಸೈನ್ಸ್ ಮೇಷ್ಟ್ರ ಮೇಲೆ ಕೂಡ ಒಂದು ಬಗೆಯ ಕರುಣೆ ಹುಟ್ಟಿತ್ತು. ಪಾಪ, ಬಂದು ಹುಡುಕಲಿ. ಮೇಷ್ಟ್ರು ಪುಸ್ತಕವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಲೈಬ್ರರಿಯಮ್ಮನ ಮೇಜಿನ ಮೇಲೆ ಇಟ್ಟರು.

“ಆಯ್ತಾ ಸರ್?”

“ಆಯ್ತಮ್ಮ. ಎಂಥಾ ಪುಸ್ತಕ! ಜೋಪಾನವಾಗಿ ಇಟ್ಟಿದ್ದೀರಿ.”

ಅವಳು ಬೆನ್ನಿನ ಮೇಲಿನ ನಂಬರು ಓದಲು ಪುಸ್ತಕವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಒಳಗಿನಿಂದ ಹಾಳೆಯೊಂದು ಜಾರಿ, ಗಾಳಿಯಲ್ಲಿ ಎರಡು ಸಲ ತೂಗಾಡಿ, ಮೇಷ್ಟ್ರ ಚಪ್ಪಲಿಯ ಪಕ್ಕದಲ್ಲಿ ಬಿತ್ತು. ಅದರ ಮೇಲೊಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು.

ಮೇಷ್ಟ್ರು ಬೆಬ್ಬಳಿಸಿ ಅದನ್ನೇ ನೋಡಿದರು. ಗೂಬೆಗೂ ಕೊಕ್ಕರೆಗೂ ನಡುವೆ ನಾಲ್ಕು ಹಾಳೆಗಳಿದ್ದವು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ನಿರಪರಾಧಿಯ ಸಿಟ್ಟು ಬಂತು.

“ಇದೇನಮ್ಮ! ನನ್ನ ಮೇಲೆ ಗೂಬೆ ಕೂರಿಸಬೇಡಿ ಮತ್ತೆ. ಆ ಹಾಳೆ ನಾನು ಮುಟ್ಟೇ ಇಲ್ಲ. ದೇವರಾಣೆ!”

“ನೀವು ಮುಟ್ಟಿಲ್ಲ, ಗೊತ್ತು ಸರ್,” ಎಂದಳು ಲೈಬ್ರರಿಯಮ್ಮ. ದನಿ ಏರಿಸಲಿಲ್ಲ. ಬಗ್ಗಿ ಕೊಕ್ಕರೆಯನ್ನು ಎತ್ತಿಕೊಂಡು, ಅದರ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚು ಗೆರೆ ಎಳೆದಂತೆ ನೇರವಾಗಿತ್ತು. “ಇದು ಅಂಟು ಹಾಕಿದ ಪುಸ್ತಕ ಅಲ್ಲ, ದಾರ ಹಾಕಿ ಹೊಲಿದಿದ್ದು. ದೊಡ್ಡ ಕಾಗದಾನ ನಡುವೆ ಮಡಚಿ, ಆ ಮಡಿಕೇಲಿ ಹೊಲೀತಾರೆ. ಅಂದ್ರೆ ಒಂದೇ ಕಾಗದ ಇಲ್ಲೊಂದು ಹಾಳೆ, ಅಲ್ಲೊಂದು ಹಾಳೆ ಆಗಿರುತ್ತೆ. ಈ ಕೊಕ್ಕರೆ ಬೀಳಬೇಕು ಅಂದ್ರೆ, ಅದರ ಇನ್ನೊಂದು ಅರ್ಧಾನ ಯಾರೋ ಮಡಿಕೆವರೆಗೂ ತೆಗೆದಿರಬೇಕು. ಬುಡದಲ್ಲಿ ಒಂದು ಬೆರಳು ಬಿಟ್ಟು ಕತ್ತರಿಸಿದ್ರೆ ದಾರ ಹಿಡ್ಕೊಂಡಿರ್ತಿತ್ತು, ನಾನಿರೋವರೆಗೂ ಯಾರಿಗೂ ತಿಳೀತಿರಲಿಲ್ಲ. ತುಂಬಾ ಚೆನ್ನಾಗಿ ಕತ್ತರಿಸಿದ್ದೀರಿ ಸರ್.” ಅವಳು ಕೊಕ್ಕರೆಯನ್ನು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಒಂದು ಹಾಳೆಯಷ್ಟು ಜಾಗ ಬಿಟ್ಟಳು. ಮೇಷ್ಟ್ರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಎದೆಯ ಬೆವರಿಗೆ ಬೆಚ್ಚಗಾಗಿದ್ದ ಗೂಬೆಯನ್ನು ಹೊರಗೆ ತೆಗೆದು, ಮಡಿಕೆಗೆ ಮಡಿಕೆ ಕೂಡುವ ಹಾಗೆ, ಸದ್ದಿಲ್ಲದೆ ಕೊಕ್ಕರೆಯ ಪಕ್ಕದಲ್ಲಿ ಇಟ್ಟರು.